ಯುಎಸ್‌ಬಿ-ಸೀರಿಯಲ್ ಕೇಬಲಿನಿಂದ ಸಿಡಬ್ಲ್ಯೂ ಕೀಯಿಂಗ್: ಡಿಟ್‌ಗಳು ಏರುಪೇರು, ರಿಗ್ ತಾನಾಗಿಯೇ ಟ್ರಾನ್ಸ್‌ಮಿಟ್ ಆಗುತ್ತಿದೆ

ತುಂಗಾತೀರ_ಕೀ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಹ್ಯಾಮ್ (ಹವ್ಯಾಸಿ) ರೇಡಿಯೋದಲ್ಲಿ ಸಿಡಬ್ಲ್ಯೂ, ಅಂದರೆ ಮೋರ್ಸ್ ಸಂಕೇತ, ಕಳಿಸುತ್ತೇನೆ. ನನ್ನ ಹಳೇ ಡೆಸ್ಕ್‌ಟಾಪಿನ ಹಿಂದೆ ನಿಜವಾದ 9 ಪಿನ್ನಿನ ಸೀರಿಯಲ್ ಪೋರ್ಟ್ ಇತ್ತು. ಲಾಗಿಂಗ್ ಪ್ರೋಗ್ರಾಂನಲ್ಲಿ ಕೀಯಿಂಗಿಗೆ (ಮೋರ್ಸ್ ಕೀ ಒತ್ತಿ ಬಿಡುವ ಕೆಲಸಕ್ಕೆ) ಪೋರ್ಟಿನ ಡಿಟಿಆರ್ ಲೈನ್ ಅಂತ ಆರಿಸಿ, ಒಂದು ಟ್ರಾನ್ಸಿಸ್ಟರ್ ಮೂಲಕ ರಿಗ್ಗಿನ (ರೇಡಿಯೋ ಸೆಟ್ಟಿನ) ಕೀ ಜ್ಯಾಕಿಗೆ ಕೊಟ್ಟಿದ್ದೆ. ಎಫ್1 ಒತ್ತಿದರೆ ಸಿಕ್ಯೂ (ಎಲ್ಲರಿಗೂ ಕರೆ), ಎಫ್2 ಒತ್ತಿದರೆ ರಿಪೋರ್ಟ್. ವರ್ಷಗಟ್ಟಲೆ ಏನೂ ತೊಂದರೆ ಇರಲಿಲ್ಲ.

ಈಗ ಆ ಡೆಸ್ಕ್‌ಟಾಪ್ ಸತ್ತಿದೆ. ಇರುವುದು ಲ್ಯಾಪ್‌ಟಾಪ್, ಅದರಲ್ಲಿ ಯುಎಸ್‌ಬಿ ಬಿಟ್ಟು ಬೇರೇನಿಲ್ಲ. ಒಂದು ಯುಎಸ್‌ಬಿ-ಸೀರಿಯಲ್ ಕೇಬಲ್ ತಂದು ಅದೇ ಟ್ರಾನ್ಸಿಸ್ಟರ್ ಸರ್ಕ್ಯೂಟ್ ಜೋಡಿಸಿದೆ. ಮೂರು ಸಮಸ್ಯೆ.

ಒಂದು, ನಿಮಿಷಕ್ಕೆ 28 ಪದದ ವೇಗದಲ್ಲಿ ಕಳಿಸಿದರೆ ಡಿಟ್‌ಗಳು (ಮೋರ್ಸಿನ ಚುಕ್ಕೆಗಳು) ಸಮ ಇಲ್ಲ. 5 ಕಳಿಸಿದರೆ ಐದು ಡಿಟ್‌ನಲ್ಲಿ ಒಂದೆರಡು ಎಳೆದಂತೆ ಕೇಳುತ್ತವೆ, ಒಂದು ಮೊಟಕಾಗುತ್ತದೆ. ಬ್ರೌಸರ್ ತೆರೆದಿದ್ದರೆ ಇನ್ನೂ ಜಾಸ್ತಿ. ಎರಡು, ಕೇಬಲ್ ಚುಚ್ಚಿದ ತಕ್ಷಣ ರಿಗ್ ತಾನಾಗಿಯೇ ಕ್ಯಾರಿಯರ್ (ಬರೀ ರೇಡಿಯೋ ತರಂಗ) ಬಿಡುತ್ತದೆ, ಆಮೇಲೆ ನಿಲ್ಲುತ್ತದೆ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದರೂ ಹಾಗೇ. 100 ವಾಟ್ ಸುಮ್ನೆ ಆಂಟೆನಾಕ್ಕೆ ಹೋಗುವುದು ನನಗೆ ಇಷ್ಟವಿಲ್ಲ. ಮೂರು, ರಿಗ್ ಕಂಟ್ರೋಲನ್ನೂ (ಕಂಪ್ಯೂಟರಿನಿಂದ ಫ್ರೀಕ್ವೆನ್ಸಿ ಓದುವುದು, ಬದಲಿಸುವುದು) ಇದರ ಜೊತೆಗೇ ಮಾಡಬೇಕು, ಆದರೆ ಎಫ್‌ಟಿ8 (ಒಂದು ಡಿಜಿಟಲ್ ವಿಧಾನ) ಪ್ರೋಗ್ರಾಂ ಮತ್ತು ಲಾಗಿಂಗ್ ಪ್ರೋಗ್ರಾಂ ಎರಡನ್ನೂ ತೆರೆದರೆ ಎರಡನೆಯದು ಪೋರ್ಟ್ ಸಿಗುತ್ತಿಲ್ಲ ಅನ್ನುತ್ತದೆ.

ನವೆಂಬರ್ ಕೊನೆಯ ವಾರಾಂತ್ಯಕ್ಕೆ ಸಿಕ್ಯೂ ವರ್ಲ್ಡ್ ವೈಡ್ ಸಿಡಬ್ಲ್ಯೂ ಸ್ಪರ್ಧೆ ಇದೆ. ಅಷ್ಟರೊಳಗೆ ಸರಿಯಾಗಬೇಕು. ಹಳೇ ಪೋರ್ಟಿನಲ್ಲಿ ಅಷ್ಟು ಚೆನ್ನಾಗಿ ನಡೆಯುತ್ತಿದ್ದದ್ದು ಇಲ್ಲಿ ಯಾಕೆ ಹೀಗೆ? ಗೊತ್ತಿರುವವರು ಬಿಡಿಸಿ ಹೇಳಿ.


ಬೆಸುಗೆ_ರಾಯರು:

ಮೊದಲು ಎರಡನೆಯ ಸಮಸ್ಯೆ ತಗೊಳ್ಳೋಣ. ತಾನಾಗಿ ಟ್ರಾನ್ಸ್‌ಮಿಟ್ ಆಗುವುದು ಅಪಾಯದ ವಿಷಯ. ಅದು ಸರಿಯಾಗುವ ತನಕ ಆಂಟೆನಾ ಬದಲು ಡಮ್ಮಿ ಲೋಡ್ (ಪವರನ್ನು ಶಾಖವಾಗಿ ಕಳೆಯುವ ರೆಸಿಸ್ಟರ್) ಹಾಕಿಕೊಳ್ಳಿ, ಪವರ್ ಕನಿಷ್ಠಕ್ಕೆ ಇಳಿಸಿ.

ನಿಮ್ಮ ಕೇಬಲ್ ಯಾವ ಜಾತಿಯದು ಅನ್ನುವುದು ಇಲ್ಲಿ ಮುಖ್ಯ. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. 9 ಪಿನ್ನಿನ ಕನೆಕ್ಟರ್ ಇರುವುದು ಸಾಮಾನ್ಯವಾಗಿ ಆರ್‌ಎಸ್-232 ಮಟ್ಟದ್ದು. ಅದರಲ್ಲಿ ಡಿಟಿಆರ್ ವಿಶ್ರಾಂತಿಯಲ್ಲಿದ್ದಾಗ ನೆಗೆಟಿವ್, ಆನ್ ಆದಾಗ ಪಾಸಿಟಿವ್. ಸಣ್ಣ ಬೋರ್ಡಿನ ಮೇಲೆ ಬರೀ ಪಿನ್ನು ಇರುವ ಮಾಡ್ಯೂಲುಗಳು ಟಿಟಿಎಲ್ ಮಟ್ಟದವು. ಅವುಗಳಲ್ಲಿ ಡಿಟಿಆರ್ ತಿರುಗುಮುರುಗು: ವಿಶ್ರಾಂತಿಯಲ್ಲಿ 3.3 ಅಥವಾ 5 ವೋಲ್ಟ್, ಆನ್ ಆದಾಗ ಸೊನ್ನೆ. ಇದಕ್ಕೆ ಎನ್‌ಪಿಎನ್ ಟ್ರಾನ್ಸಿಸ್ಟರ್ ಹಾಕಿದರೆ ಸುಮ್ಮನಿರುವಾಗ ಪೂರ್ತಿ ಕೀ ಡೌನ್, ಕೀ ಮಾಡಿದಾಗ ಮೌನ. ನಿಮ್ಮದು ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ ಅಂದರೆ ಬಹುಶಃ ಮೊದಲನೇ ಬಗೆ. ಆದರೂ ಮಲ್ಟಿಮೀಟರ್ ಹಿಡಿದು ನೋಡಿ. 9 ಪಿನ್ನಿನಲ್ಲಿ ಡಿಟಿಆರ್ 4ನೇ ಪಿನ್, ಗ್ರೌಂಡ್ 5ನೇ ಪಿನ್, ಆರ್‌ಟಿಎಸ್ (ಡಿಟಿಆರ್ ಥರದ್ದೇ ಇನ್ನೊಂದು ಲೈನ್) 7ನೇ ಪಿನ್. ಯಾವ ಪ್ರೋಗ್ರಾಮೂ ತೆರೆಯದೇ 4 ಮತ್ತು 5ರ ನಡುವೆ ಅಳೆಯಿರಿ. ಮೈನಸ್ ಬಂದರೆ ಸರಿ.

ಸರ್ಕ್ಯೂಟ್ ಹೀಗಿರಬೇಕು. ಡಿಟಿಆರ್‌ನಿಂದ 4.7 ಕಿಲೋ ಓಮ್ ರೆಸಿಸ್ಟರ್, ಅಲ್ಲಿಂದ ಬಿಸಿ547ರ ಬೇಸ್. ಎಮಿಟರ್ ಗ್ರೌಂಡಿಗೆ, ಕಲೆಕ್ಟರ್ ರಿಗ್ಗಿನ ಕೀ ಜ್ಯಾಕಿನ ತುದಿಗೆ. ಬೇಸಿನಿಂದ ಎಮಿಟರಿಗೆ ಒಂದು 1ಎನ್4148 ಡಯೋಡ್, ಪಟ್ಟಿ ಇರುವ ಕಡೆ ಬೇಸಿಗೆ. ಈ ಡಯೋಡನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ವಿಶ್ರಾಂತಿಯಲ್ಲಿ ಆ ಲೈನ್ ಮೈನಸ್ ಇರುತ್ತದಲ್ಲ, ನಿಜವಾದ ಪೋರ್ಟುಗಳಲ್ಲಿ ಮೈನಸ್ 12ರವರೆಗೂ ಹೋಗುತ್ತದೆ. ಬಿಸಿ547ರ ಬೇಸ್-ಎಮಿಟರ್ ಜಂಕ್ಷನ್ ಉಲ್ಟಾ ದಿಕ್ಕಿನಲ್ಲಿ ತಡೆಯುವುದು ಸುಮಾರು 6 ವೋಲ್ಟ್ ಮಾತ್ರ. ಡಯೋಡ್ ಇಲ್ಲದಿದ್ದರೆ ಟ್ರಾನ್ಸಿಸ್ಟರ್ ಒಂದೇ ಸಲ ಸಾಯುವುದಿಲ್ಲ, ನಿಧಾನವಾಗಿ ಹಾಳಾಗುತ್ತದೆ.

ಇನ್ನೊಂದು ಮಾತು. ಬಿಸಿ547ರ ಚಪ್ಪಟೆ ಮುಖ ನಿಮ್ಮ ಕಡೆ ಇಟ್ಟು ಕಾಲು ಕೆಳಗೆ ಮಾಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಪಿಎನ್2222ರಲ್ಲಿ ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಒಂದರ ಬದಲು ಇನ್ನೊಂದನ್ನು ಹಾಗೇ ಕೂರಿಸಬೇಡಿ. ಎಲ್ಲವೂ 9 ಪಿನ್ನಿನ ಕನೆಕ್ಟರಿನ ಹುಡ್ ಒಳಗೇ ಹಿಡಿಸುತ್ತವೆ. ಬೆಂಗಳೂರಿನವರಿಗೆ ಎಸ್.ಪಿ. ರೋಡಿನಲ್ಲಿ ಒಂದೇ ಅಂಗಡಿಯಲ್ಲಿ ಎಲ್ಲ ಸಿಗುತ್ತದೆ.

ಹಳೇ ವಾಲ್ವ್ ಸೆಟ್ ಇಟ್ಟುಕೊಂಡಿರುವವರು ಈ ಸರ್ಕ್ಯೂಟ್ ಮುಟ್ಟಬೇಡಿ. ಅವುಗಳ ಕೀ ಜ್ಯಾಕಿನಲ್ಲಿ ನೂರಕ್ಕೂ ಹೆಚ್ಚು ವೋಲ್ಟ್ ಇರಬಹುದು, ಕೆಲವದರಲ್ಲಿ ಅದು ನೆಗೆಟಿವ್. ಬಿಸಿ547 ತಡೆಯುವುದು 45.


ಕೋಡ್_ಕೋಲಾರ:

ಕೇಬಲ್ ಚುಚ್ಚಿದಾಗ ಕ್ಯಾರಿಯರ್ ಯಾಕೆ ಬರುತ್ತದೆ ಅಂತ ನಾನು ಹೇಳುತ್ತೇನೆ. ವಿಂಡೋಸ್‌ಗೆ ಹೊಸ ಸೀರಿಯಲ್ ಪೋರ್ಟ್ ಕಂಡ ಕೂಡಲೇ ಅದಕ್ಕೆ ಮೌಸ್ ಏನಾದರೂ ಸಿಕ್ಕಿಸಿದ್ದಾರಾ ಅಂತ ಹುಡುಕುವ ಅಭ್ಯಾಸ ಇದೆ. ಸೀರಿಯಲ್ ಮೌಸ್ ಕಾಲದ ಪಳೆಯುಳಿಕೆ. ಹಾಗೆ ಹುಡುಕುವಾಗ ಡಿಟಿಆರ್ ಮತ್ತು ಆರ್‌ಟಿಎಸ್ ಎರಡನ್ನೂ ಮೇಲೆ ಕೆಳಗೆ ಮಾಡುತ್ತದೆ. ನಿಮ್ಮ ರಿಗ್‌ಗೆ ಅದು ಕೀ ಒತ್ತಿದ ಹಾಗೆ. ಎಫ್‌ಟಿಡಿಐ ಚಿಪ್ ಇರುವ ಕೇಬಲ್ ಆದರೆ ಡಿವೈಸ್ ಮ್ಯಾನೇಜರಿನಲ್ಲಿ ಆ ಪೋರ್ಟಿನ ಅಡ್ವಾನ್ಸ್ಡ್ ಸೆಟ್ಟಿಂಗ್ ತೆಗೆಯಿರಿ, ಸೀರಿಯಲ್ ಎನ್ಯೂಮರೇಟರ್ ಅಂತ ಒಂದು ಟಿಕ್ ಗುರುತು ಇರುತ್ತದೆ, ಅದನ್ನು ತೆಗೆದುಬಿಡಿ. ಅಲ್ಲೇ ಲೇಟೆನ್ಸಿ ಟೈಮರ್ 16 ಮಿಲಿಸೆಕೆಂಡ್ ಅಂತಲೂ ಕಾಣುತ್ತದೆ. ಅದನ್ನು ಇಳಿಸಿದರೆ ರಿಗ್ಗಿನಿಂದ ಫ್ರೀಕ್ವೆನ್ಸಿ ಓದುವುದು ಚುರುಕಾಗುತ್ತದೆ, ಆದರೆ ನಿಮ್ಮ ಡಿಟ್ ಸರಿಯಾಗುವುದಿಲ್ಲ. ಅದು ಕಂಪ್ಯೂಟರಿನೊಳಗೆ ಬರುವ ಡೇಟಾಗೆ ಮಾತ್ರ ಸಂಬಂಧಿಸಿದ್ದು.

ಡಿಟ್ ವಿಷಯಕ್ಕೆ ಬರೋಣ. ಮೋರ್ಸ್ ವೇಗ ಅಳೆಯುವುದು ಪ್ಯಾರಿಸ್ ಅನ್ನುವ ಪದದಿಂದ. ಅದು ಸರಿಯಾಗಿ 50 ಡಿಟ್ ಉದ್ದ. ಹಾಗಾಗಿ 1200ನ್ನು ವೇಗದಿಂದ ಭಾಗಿಸಿದರೆ ಒಂದು ಡಿಟ್ ಎಷ್ಟು ಮಿಲಿಸೆಕೆಂಡ್ ಅಂತ ಸಿಗುತ್ತದೆ. 12 ವೇಗಕ್ಕೆ 100, 28ಕ್ಕೆ ಸುಮಾರು 43, 40ಕ್ಕೆ 30. ಈಗ ಯೋಚಿಸಿ. ವಿಂಡೋಸಿನ ಸಾಮಾನ್ಯ ಟೈಮರ್ ಮಿಡಿಯುವುದು 15.6 ಮಿಲಿಸೆಕೆಂಡಿಗೊಮ್ಮೆ. ಒಳ್ಳೆಯ ಪ್ರೋಗ್ರಾಮುಗಳು ಅದನ್ನು 1 ಮಿಲಿಸೆಕೆಂಡಿಗೆ ಇಳಿಸಿಕೊಳ್ಳುತ್ತವೆ, ಆದರೂ ಆ ಗಳಿಗೆಯಲ್ಲಿ ಪ್ರೊಸೆಸರ್ ಇನ್ಯಾವುದೋ ಕೆಲಸದಲ್ಲಿದ್ದರೆ ಕಾಯಲೇಬೇಕು. ಅದರ ಮೇಲೆ ಯುಎಸ್‌ಬಿ. ಹಳೇ ಪೋರ್ಟಿನಲ್ಲಿ ಡಿಟಿಆರ್ ಅಂದರೆ ಒಂದು ಚಿಪ್ಪಿನ ರಿಜಿಸ್ಟರಿನಲ್ಲಿ ಒಂದು ಬಿಟ್, ಬರೆದ ತಕ್ಷಣ ವೋಲ್ಟೇಜ್ ಬದಲು. ಯುಎಸ್‌ಬಿಯಲ್ಲಿ ಪ್ರತಿ ಸಲ ಡಿಟಿಆರ್ ಏರಿಸಲು ಒಂದು ಕಂಟ್ರೋಲ್ ಸಂದೇಶ, ಇಳಿಸಲು ಇನ್ನೊಂದು. ಅವು ಡ್ರೈವರ್ ದಾಟಿ, ಸರದಿಯಲ್ಲಿ ನಿಂತು, ಹಬ್ ಇದ್ದರೆ ಅದನ್ನೂ ದಾಟಿ ಹೋಗಬೇಕು. ಕೀ ಡೌನ್ ಸಂದೇಶ ಸಮಯಕ್ಕೆ ಹೋಗಿ ಕೀ ಅಪ್ ಸಂದೇಶ 12 ಮಿಲಿಸೆಕೆಂಡ್ ತಡವಾದರೆ 43ರ ಡಿಟ್ 55 ಆಗುತ್ತದೆ, ಅದರ ನಂತರದ ಖಾಲಿ ಜಾಗ 31ಕ್ಕೆ ಇಳಿಯುತ್ತದೆ. ನೀವು ಎಳೆದಂತೆ, ಮೊಟಕಾದಂತೆ ಅಂದದ್ದು ಇದನ್ನೇ. 15 ವೇಗದಲ್ಲಿ ಇದೇ ತಪ್ಪು ಕಿವಿಗೆ ಗೊತ್ತೇ ಆಗುವುದಿಲ್ಲ.

ಡಾಸ್ ಕಾಲದಲ್ಲಿ ಇಡೀ ಮೆಷಿನ್ ಒಂದೇ ಪ್ರೋಗ್ರಾಮಿನ ಕೈಯಲ್ಲಿತ್ತು. ಆಗ ಪ್ರಿಂಟರ್ ಪೋರ್ಟಿನಿಂದಲೂ ಕೀ ಮಾಡುತ್ತಿದ್ದರು: 17ನೇ ಪಿನ್ ಸಿಡಬ್ಲ್ಯೂ, 16ನೇ ಪಿನ್ ಪಿಟಿಟಿ (ರಿಗ್ಗನ್ನು ಟ್ರಾನ್ಸ್‌ಮಿಟ್‌ಗೆ ತಿರುಗಿಸುವ ಲೈನ್), ಎರಡು ರೇಡಿಯೋ ಇದ್ದವರಿಗೆ ಯಾವುದು ಅಂತ ಆರಿಸಲು 14ನೇ ಪಿನ್. ಸ್ಪರ್ಧೆಯ ಪ್ರೋಗ್ರಾಮುಗಳೆಲ್ಲ ಇದನ್ನೇ ಪಾಲಿಸುತ್ತಿದ್ದವು. ಆಮೇಲೆ ವಿಂಡೋಸ್ ಎನ್‌ಟಿ, ಎಕ್ಸ್‌ಪಿ ಬಂದವು, ಪ್ರೋಗ್ರಾಮುಗಳು ನೇರವಾಗಿ ಪೋರ್ಟ್ ಮುಟ್ಟುವ ಹಾಗಿಲ್ಲ ಅಂತಾಯಿತು, ನಡುವೆ ಒಂದು ಡ್ರೈವರ್ ಬೇಕಾಯಿತು. ಯುಎಸ್‌ಬಿಯಿಂದ ಪ್ರಿಂಟರ್ ಪೋರ್ಟ್ ಕೊಡುವ ಕೇಬಲ್ ನೋಡಿ ಆಸೆಪಡಬೇಡಿ. ಅವು ಪ್ರಿಂಟರಿಗೆ ಮಾತ್ರ, ಒಂದೊಂದು ಪಿನ್ನನ್ನು ಬೇಕಾದಂತೆ ಆಡಿಸಲು ಬರುವುದಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. 25ರ ಮೇಲೆ ಕಳಿಸುವವರು ಡಿಟ್ ಎಣಿಸುವ ಕೆಲಸವನ್ನು ಕಂಪ್ಯೂಟರಿನಿಂದ ತೆಗೆದುಬಿಡಬೇಕು. ವಿನ್‌ಕೀಯರ್ ಅನ್ನುವ ಪುಟ್ಟ ಸಾಧನ ಮಾಡುವುದು ಅದನ್ನೇ. ಕಂಪ್ಯೂಟರ್ ಅದಕ್ಕೆ ಕಳಿಸುವುದು ಬರೀ ಅಕ್ಷರ, 1200 ಬಾಡ್‌ನಲ್ಲಿ. ಅಕ್ಷರ 20 ಮಿಲಿಸೆಕೆಂಡ್ ತಡವಾಗಿ ತಲುಪಿದರೂ ಅಡ್ಡಿಯಿಲ್ಲ, ಬಫರಿನಲ್ಲಿ ಹಿಂದಿನದು ಇನ್ನೂ ಹೋಗುತ್ತಿರುತ್ತದೆ. ಡಿಟ್, ಡಾ (ಗೆರೆ), ನಡುವಿನ ಜಾಗ ಎಲ್ಲ ಆ ಪುಟ್ಟ ಮೈಕ್ರೋಕಂಟ್ರೋಲರಿನ ಜವಾಬ್ದಾರಿ, ಅದಕ್ಕೆ ಬೇರೆ ಕೆಲಸವೇ ಇಲ್ಲ. ಪ್ಯಾಡಲನ್ನೂ (ಕೈಯಿಂದ ಮೋರ್ಸ್ ಕಳಿಸುವ ಕೀ) ಅದಕ್ಕೇ ಸಿಕ್ಕಿಸಬಹುದು, ಕಂಪ್ಯೂಟರ್ ಕಳಿಸುತ್ತಿರುವಾಗ ಪ್ಯಾಡಲ್ ಮುಟ್ಟಿದರೆ ಅದು ನಿಲ್ಲಿಸಿ ನಿಮಗೆ ದಾರಿ ಬಿಡುತ್ತದೆ. ಕೊಳ್ಳಲು ಆಗದಿದ್ದರೆ ಒಂದು ಆರ್ಡುಯಿನೋ ನ್ಯಾನೋ ತನ್ನಿ, ಕೆ3ಎನ್‌ಜಿ ಕೀಯರ್ ಅನ್ನುವ ಓಪನ್ ಸೋರ್ಸ್ ಕೋಡ್ ಇದೆ, ಅದರಲ್ಲಿ ವಿನ್‌ಕೀಯರ್ ಅನುಕರಣೆಯ ಆಯ್ಕೆ ಆನ್ ಮಾಡಿ ತುಂಬಿ. ಲಾಗಿಂಗ್ ಪ್ರೋಗ್ರಾಮಿಗೆ ಅದು ವಿನ್‌ಕೀಯರ್ ಅಂತಲೇ ಕಾಣುತ್ತದೆ.

ನ್ಯಾನೋದಲ್ಲಿ ಒಂದು ಕೊಕ್ಕೆ ಇದೆ. ಅದರಲ್ಲಿ ಡಿಟಿಆರ್ ಲೈನು ಸಣ್ಣ ಕೆಪ್ಯಾಸಿಟರ್ ಮೂಲಕ ರೀಸೆಟ್ಟಿಗೆ ಸೇರಿರುತ್ತದೆ. ಪ್ರೋಗ್ರಾಂ ಪೋರ್ಟ್ ತೆರೆದ ಕೂಡಲೇ ನ್ಯಾನೋ ರೀಸೆಟ್ ಆಗಿ, ಬೂಟ್‌ಲೋಡರ್ ಮುಗಿಯುವ ತನಕ ಉತ್ತರ ಕೊಡುವುದಿಲ್ಲ. ಪ್ರೋಗ್ರಾಮು ವಿನ್‌ಕೀಯರ್ ಸಿಗಲಿಲ್ಲ ಅನ್ನುತ್ತದೆ. ಕೋಡ್ ತುಂಬಿಯಾದ ಮೇಲೆ ರೀಸೆಟ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿ, ಪಾಸಿಟಿವ್ ಕಾಲು ರೀಸೆಟ್ಟಿಗೆ. ಮತ್ತೆ ಕೋಡ್ ತುಂಬುವಾಗ ಅದನ್ನು ತೆಗೆಯಬೇಕು.


ಪೆಂಗ್ವಿನ್_ಪುತ್ತೂರು:

ಕೋಲಾರದವರು ಹೇಳಿದ ಲೆಕ್ಕ ಸರಿ, ಆದರೆ ಎಲ್ಲರಿಗೂ ಹೊಸ ಯಂತ್ರ ಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸಂಜೆ 40 ಮೀಟರ್ ಬ್ಯಾಂಡಿನಲ್ಲಿ 18-20 ವೇಗದಲ್ಲಿ ಆರಾಮಾಗಿ ಮಾತಾಡುವವರಿಗೆ ಡಿಟಿಆರ್ ಕೀಯಿಂಗ್ ಧಾರಾಳ ಸಾಕು. ನಾನು ಲಿನಕ್ಸಿನಲ್ಲಿ ಸಿಡಬ್ಲ್ಯೂಡೀಮನ್ ಅನ್ನುವ ಪ್ರೋಗ್ರಾಂ ಬಳಸುತ್ತೇನೆ. ಅದು ಹಿನ್ನೆಲೆಯಲ್ಲಿ ಕೂತು ಯುಡಿಪಿ ಪೋರ್ಟ್ 6789ರಲ್ಲಿ ಅಕ್ಷರಗಳನ್ನು ಕೇಳಿಸಿಕೊಳ್ಳುತ್ತದೆ, ಬಂದದ್ದನ್ನು ಡಿಟಿಆರ್ ಮೇಲೆ ಕೀ ಮಾಡುತ್ತದೆ, ಪಿಟಿಟಿ ಬೇಕಾದರೆ ಆರ್‌ಟಿಎಸ್ ಮೇಲೆ. ಅದಕ್ಕೆ ಹೆಚ್ಚಿನ ಆದ್ಯತೆ ಕೊಟ್ಟು ನಡೆಸಿದರೆ ಈ ವೇಗದಲ್ಲಿ ಯಾರೂ ಇದುವರೆಗೆ ನನ್ನ ಮೋರ್ಸ್ ಬಗ್ಗೆ ದೂರಿಲ್ಲ. ಡೆಸ್ಕ್‌ಟಾಪ್ ಇರುವವರು ಒಂದು ಪಿಸಿಐ ಎಕ್ಸ್‌ಪ್ರೆಸ್ ಸೀರಿಯಲ್ ಕಾರ್ಡ್ ಹಾಕಿಕೊಂಡರೆ ಯುಎಸ್‌ಬಿ ಗೊಡವೆಯೇ ಇಲ್ಲ. ನಿಜವಾದ ಪೋರ್ಟ್ ವಾಪಸ್ ಬಂದ ಹಾಗೆ.

ಲಿನಕ್ಸಿಗೆ ಬರುವವರಿಗೆ ಮೂರು ಮಾತು. ನಿಮ್ಮ ಯೂಸರನ್ನು ಡಯಲೌಟ್ ಗುಂಪಿಗೆ ಸೇರಿಸಿ, ಇಲ್ಲದಿದ್ದರೆ ಪೋರ್ಟ್ ತೆರೆಯಲು ಅನುಮತಿ ಸಿಗುವುದಿಲ್ಲ. ಸಿಎಚ್340 ಚಿಪ್ ಇರುವ ಕೇಬಲ್ ಉಬುಂಟು 22.04ರಲ್ಲಿ ಚುಚ್ಚಿದ ಕ್ಷಣ ಕಂಡು ಮಾಯವಾದರೆ ಅದು ಬಿಆರ್‌ಎಲ್‌ಟಿಟಿವೈ ಕೆಲಸ. ಅಂಧರ ಬ್ರೈಲ್ ಸಾಧನಗಳಿಗಾಗಿ ಇರುವ ಪ್ರೋಗ್ರಾಂ ಅದು, ಈ ಚಿಪ್ಪನ್ನು ಬ್ರೈಲ್ ಸಾಧನ ಅಂದುಕೊಂಡು ಹಿಡಿದಿಡುತ್ತದೆ. ಬ್ರೈಲ್ ಬಳಸದವರು ಅದನ್ನು ತೆಗೆದುಹಾಕಬಹುದು. ಮೂರನೆಯದು, ಯುಎಸ್‌ಬಿ 0, ಯುಎಸ್‌ಬಿ 1 ಅನ್ನುವ ಹೆಸರು ನಂಬಬೇಡಿ, ಚುಚ್ಚಿದ ಕ್ರಮದಲ್ಲಿ ಅದಲುಬದಲಾಗುತ್ತವೆ. ಬೈ-ಐಡಿ ಫೋಲ್ಡರಿನಲ್ಲಿರುವ ಉದ್ದ ಹೆಸರನ್ನೇ ಕೊಡಿ. ಕೀಯಿಂಗ್ ಪೋರ್ಟಿಗೆ ಕಂಟ್ರೋಲ್ ಪ್ರೋಗ್ರಾಂ ಹೋಗಿ ಕೂತರೆ ಏನಾಗುತ್ತದೆ ಅಂತ ಊಹಿಸಿ.

ಇನ್ನೊಂದು ಎಚ್ಚರಿಕೆ: ಲಿನಕ್ಸಿನಲ್ಲಿ ಯಾವ ಪ್ರೋಗ್ರಾಂ ಸೀರಿಯಲ್ ಪೋರ್ಟ್ ತೆರೆದರೂ ಕರ್ನಲ್ ಡಿಟಿಆರ್, ಆರ್‌ಟಿಎಸ್ ಎರಡನ್ನೂ ಮೇಲೆತ್ತುತ್ತದೆ. ಪ್ರೋಗ್ರಾಂ ಅದನ್ನು ಇಳಿಸುವ ತನಕ ರಿಗ್ ಕೀ ಆಗಿರುತ್ತದೆ. ಅದಕ್ಕೇ ಮೊದಲು ಪ್ರೋಗ್ರಾಂ, ಆಮೇಲೆ ರಿಗ್. ಈ ಕ್ರಮ ರೂಢಿ ಮಾಡಿಕೊಳ್ಳಿ.


ಕೋಡ್_ಕೋಲಾರ:

ಪುತ್ತೂರಿನವರ ಮಾತು 20ರ ವೇಗಕ್ಕೆ ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರಿಗೆ ಸ್ಪರ್ಧೆ ಇದೆ, 28ರಲ್ಲಿ ಕಳಿಸುತ್ತಾರೆ, ಪಕ್ಕದಲ್ಲಿ ಲಾಗ್, ಬ್ಯಾಂಡ್ ಮ್ಯಾಪ್, ಕ್ಲಸ್ಟರ್ (ಯಾರು ಎಲ್ಲಿ ಕೇಳಿಸುತ್ತಿದ್ದಾರೆ ಅನ್ನುವ ಪಟ್ಟಿ) ಎಲ್ಲ ಓಡುತ್ತಿರುತ್ತದೆ. ಆಚೆ ಕಡೆ ಇರುವವರು ಪೈಲಪ್ಪಿನಲ್ಲಿ (ಬಹಳ ಜನ ಒಟ್ಟಿಗೆ ಕರೆಯುವಾಗ) ನಿಮ್ಮ ಕರೆಸಂಕೇತ ಒಂದೇ ಸಲ ಕೇಳುತ್ತಾರೆ. ನಮ್ಮ ದೇಶದ ಕರೆಸಂಕೇತದ ಶುರುವಿನ ವಿಯು ಆದ ಮೇಲಿನ 2 ಮತ್ತು 3ರಲ್ಲಿ ವ್ಯತ್ಯಾಸ ಒಂದೇ ಒಂದು ಡಿಟ್. ಅದು ಮಸುಕಾದರೆ ಸಂಪರ್ಕವೇ ಲೆಕ್ಕಕ್ಕಿಲ್ಲ. ಹಾಗಾಗಿ ನನ್ನ ಮಾತಿಗೇ ನಿಲ್ಲುತ್ತೇನೆ.


ಬ್ಯಾಂಡ್_ಓಪನ್:

ಮೂರನೇ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಒಂದು ಸೀರಿಯಲ್ ಪೋರ್ಟನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ತೆರೆಯಬಹುದು, ವಿಂಡೋಸಿನ ನಿಯಮ ಅದು. ಅದಕ್ಕೆ ಎಲ್ಲರೂ ಬಳಸುವ ಉಪಾಯ: ರಿಗ್ ಜೊತೆ ಮಾತಾಡಲು ಒಬ್ಬನನ್ನೇ ಇಡುವುದು, ಉಳಿದ ಪ್ರೋಗ್ರಾಮುಗಳು ಅವನ ಹತ್ತಿರ ಕೇಳುವುದು. ಹ್ಯಾಮ್‌ಲಿಬ್‌ನ ರಿಗ್‌ಸಿಟಿಎಲ್‌ಡಿ ನೆಟ್‌ವರ್ಕ್ ಪೋರ್ಟ್ 4532ರಲ್ಲಿ ಈ ಕೆಲಸ ಮಾಡುತ್ತದೆ, ಎಫ್‌ಎಲ್‌ರಿಗ್ 12345ರಲ್ಲಿ. ವಿಂಡೋಸಿನಲ್ಲಿ ಆಮ್ನಿರಿಗ್ ಕೂಡ ಇದೆ. ಎಫ್‌ಟಿ8 ಪ್ರೋಗ್ರಾಮಿನ ರೇಡಿಯೋ ಪಟ್ಟಿಯಲ್ಲಿ ನಿಮ್ಮ ರಿಗ್ ಹೆಸರಿನ ಬದಲು ಎಫ್‌ಎಲ್‌ರಿಗ್ ಅಂತ ಆರಿಸಿದರೆ ಆಯಿತು. ಲಾಗಿಂಗ್ ಪ್ರೋಗ್ರಾಮು ಇವುಗಳಲ್ಲಿ ಯಾವುದಕ್ಕೆ ಒಗ್ಗುತ್ತದೆ ನೋಡಿ, ಅದನ್ನೇ ಎರಡಕ್ಕೂ ಇಟ್ಟುಕೊಳ್ಳಿ.

ರಿಗ್ ಯಾವುದು ಅಂತ ಬರೆದಿಲ್ಲ ನೀವು, ಅದರ ಮೇಲೆ ಬಹಳ ಇದೆ. ಕೆನ್‌ವುಡ್ ರಿಗ್ಗುಗಳಿಗೆ ಹೋಗುವುದು ಸರಳ ಅಕ್ಷರಗಳ ಆಜ್ಞೆ: ಎಫ್‌ಎ ಅಂತ ಬರೆದು ಹನ್ನೊಂದು ಅಂಕಿಯಲ್ಲಿ ಹರ್ಟ್ಸ್ ಲೆಕ್ಕದ ಫ್ರೀಕ್ವೆನ್ಸಿ, ಕೊನೆಗೆ ಒಂದು ಅರ್ಧವಿರಾಮ ಚಿಹ್ನೆ. ಐಕಾಮ್‌ನ ಸಿಐ-ವಿ ಒಂದೇ ತಂತಿಯಲ್ಲಿ ಹೋಗಿ ಬರುವ ಬಸ್, ಅದರಲ್ಲಿ ಪ್ರತಿ ರೇಡಿಯೋಗೂ ಒಂದು ವಿಳಾಸ ಇರುತ್ತದೆ, ಐಸಿ-7300ಕ್ಕೆ ಕಂಪನಿ ಇಟ್ಟದ್ದು ಹೆಕ್ಸ್ 94. ಯಾಯೆಸು ಕಂಪನಿಯ ಎಫ್‌ಟಿ-817ರಲ್ಲಿ ಪ್ರತಿ ಆಜ್ಞೆ ಐದು ಬೈಟ್, ಮಟ್ಟ ಟಿಟಿಎಲ್, ಅದಕ್ಕೆ ಆರ್‌ಎಸ್-232 ಕೇಬಲ್ ನೇರವಾಗಿ ಹಾಕಬಾರದು. ಹೈದರಾಬಾದಿನ ಅಶ್ಹರ್ ಫರ್ಹಾನ್ ವಿನ್ಯಾಸದ ಮೈಕ್ರೋ ಬಿಟ್‌ಎಕ್ಸ್ ರೇಡಿಯೋ ಕಟ್ಟಿಕೊಂಡವರು ನಮ್ಮಲ್ಲೂ ಇದ್ದೀರಿ, ಅದು ಕಂಪ್ಯೂಟರಿಗೆ ತಾನು ಎಫ್‌ಟಿ-817 ಅಂತಲೇ ಹೇಳಿಕೊಳ್ಳುತ್ತದೆ, 38400 ಬಾಡ್‌ನಲ್ಲಿ. ಅದರೊಳಗೂ ನ್ಯಾನೋ ಇರುವುದರಿಂದ ಮೇಲೆ ಹೇಳಿದ ರೀಸೆಟ್ ಕಥೆ ಅಲ್ಲೂ ಉಂಟು, ಪೋರ್ಟ್ ತೆರೆದರೆ ರೇಡಿಯೋವೇ ಮತ್ತೆ ಶುರುವಾಗುತ್ತದೆ.

ರಿಗ್ ಸ್ವಲ್ಪ ಹೊಸದಾದರೆ ಕೀಯಿಂಗ್ ಕೇಬಲೇ ಬೇಡದಿರಬಹುದು. ಕೆನ್‌ವುಡ್‌ನ ಟಿಎಸ್-480, ಟಿಎಸ್-2000ಗಳಂಥವಕ್ಕೆ ಕೆವೈ ಆಜ್ಞೆ ಇದೆ, ಒಮ್ಮೆಗೆ 24 ಅಕ್ಷರ ಕೊಟ್ಟರೆ ರಿಗ್ಗೇ ಮೋರ್ಸ್ ಮಾಡುತ್ತದೆ. ಡಿಟ್ ಎಲ್ಲ ಒಂದೇ ಸಮ. ಸ್ಪರ್ಧೆಯಲ್ಲಿ ನಡುವೆ ನಿಲ್ಲಿಸಿ ತಿದ್ದುವುದು ಮಾತ್ರ ವಿನ್‌ಕೀಯರಿನಷ್ಟು ಚುರುಕಲ್ಲ. ಎಫ್‌ಟಿ-991ಎ ಥರದವು ಒಂದು ಯುಎಸ್‌ಬಿ ತಂತಿಯಲ್ಲಿ ಎರಡು ಕಾಮ್ ಪೋರ್ಟ್ ತೋರಿಸುತ್ತವೆ: ಎನ್‌ಹ್ಯಾನ್ಸ್ಡ್ ಅನ್ನುವುದು ಕಂಟ್ರೋಲಿಗೆ, ಸ್ಟ್ಯಾಂಡರ್ಡ್ ಅನ್ನುವುದು ಕೀಯಿಂಗ್ ಮತ್ತು ಪಿಟಿಟಿಗೆ.


ತುಂಗಾತೀರ_ಕೀ:

ಎಲ್ಲರಿಗೂ ತುಂಬಾ ಧನ್ಯವಾದ. ರಿಗ್ ಹಳೆಯದು, ಕೆವೈ ಥರದ ಆಜ್ಞೆ ಅದಕ್ಕಿಲ್ಲ, ಕೀ ಜ್ಯಾಕ್ ಒಂದು, ಕಂಟ್ರೋಲ್ ಪೋರ್ಟ್ ಬೇರೆ. 4 ಮತ್ತು 5ರ ನಡುವೆ ಅಳೆದೆ, ಮೈನಸ್ಸೇ ಬಂತು. ಸೀರಿಯಲ್ ಎನ್ಯೂಮರೇಟರ್ ಟಿಕ್ ತೆಗೆದ ಮೇಲೆ ಕೇಬಲ್ ಚುಚ್ಚಿದರೆ ಕ್ಯಾರಿಯರ್ ಬರುತ್ತಿಲ್ಲ. ರೀಸ್ಟಾರ್ಟ್ ಮಾಡುವಾಗ ಮಾತ್ರ ಒಂದು ಚಿಕ್ಕ ಟಿಕ್ ಕೇಳುತ್ತದೆ. ನ್ಯಾನೋ ತರಿಸಲು ಹೇಳಿದ್ದೇನೆ. ಹಾಗಾದರೆ ನ್ಯಾನೋ ಒಂದು ಯುಎಸ್‌ಬಿ, ಕಂಟ್ರೋಲ್ ಕೇಬಲ್ ಇನ್ನೊಂದು ಯುಎಸ್‌ಬಿ, ಕಂಟ್ರೋಲಿಗೆ ನಡುವೆ ಎಫ್‌ಎಲ್‌ರಿಗ್. ಸರಿ ಅಲ್ವಾ? ಇನ್ನೊಂದು ಸಂದೇಹ: 100 ವಾಟ್‌ಗೆ ಏರಿಸಿದರೆ 15 ಮೀಟರಿನಲ್ಲಿ ಮಾತ್ರ ಕಂಟ್ರೋಲ್ ಕೇಬಲ್ ಕಡಿದುಹೋಗುತ್ತದೆ, ಕಿತ್ತು ಮತ್ತೆ ಚುಚ್ಚಬೇಕು. 40 ಮೀಟರಿನಲ್ಲಿ ಏನೂ ಇಲ್ಲ.


ಬೆಸುಗೆ_ರಾಯರು:

ಜೋಡಣೆ ಸರಿ ಇದೆ. 15 ಮೀಟರಿನದು ನಿಮ್ಮದೇ ಆರ್‌ಎಫ್ (ರೇಡಿಯೋ ತರಂಗ) ಯುಎಸ್‌ಬಿ ತಂತಿಗೆ ನುಗ್ಗುವುದು. ಒಂದೇ ಬ್ಯಾಂಡಿನಲ್ಲಿ ಬರುತ್ತದೆ ಅಂದರೆ ಆ ತಂತಿಯ ಉದ್ದ ಆ ಬ್ಯಾಂಡಿಗೆ ಆಂಟೆನಾ ಥರ ವರ್ತಿಸುತ್ತಿರಬಹುದು. ಮೊದಲು ಕೇಬಲನ್ನು ಆದಷ್ಟು ಗಿಡ್ಡ ಮಾಡಿ, ಫೆರೈಟ್ ಉಂಗುರದೊಳಗೆ ಆರೇಳು ಸುತ್ತು ಸುತ್ತಿ. ಕ್ಲಿಪ್ ಥರದ ಫೆರೈಟ್ ಒಂದನ್ನು ಸುಮ್ನೆ ಹಾಕಿದರೆ ಈ ಎಚ್‌ಎಫ್ ಬ್ಯಾಂಡುಗಳಲ್ಲಿ ಹೆಚ್ಚೇನೂ ಆಗುವುದಿಲ್ಲ, ಸುತ್ತು ಬೇಕು. ಆಂಟೆನಾದ ಬುಡದಲ್ಲಿ ಚೋಕ್ ಬಾಲನ್ (ಆರ್‌ಎಫ್ ಕೇಬಲಿನ ಹೊರಮೈ ಮೇಲೆ ವಾಪಸ್ ಬರದಂತೆ ತಡೆಯುವುದು) ಇದೆಯಾ ನೋಡಿ, ಎಷ್ಟೋ ಸಲ ರೋಗ ಇರುವುದು ಅಲ್ಲಿ.

ನ್ಯಾನೋದಿಂದ ರಿಗ್ಗಿಗೆ ಟ್ರಾನ್ಸಿಸ್ಟರ್ ಬದಲು ಪಿಸಿ817 ಆಪ್ಟೋಕಪ್ಲರ್ (ಒಳಗಿನ ಎಲ್‌ಇಡಿಯ ಬೆಳಕಿನಿಂದ ಸ್ವಿಚ್ ಆಗುವ ಚಿಪ್) ಹಾಕಿ. ಕಂಪ್ಯೂಟರ್ ಗ್ರೌಂಡು, ರಿಗ್ ಗ್ರೌಂಡು ಈ ಕೇಬಲಿನಲ್ಲಿ ಬೇರೆ ಬೇರೆ ಆಗುತ್ತವೆ. ನ್ಯಾನೋ ಪಿನ್ನಿನಿಂದ 1 ಕಿಲೋ ಓಮ್, ಅಲ್ಲಿಂದ ಎಲ್‌ಇಡಿಯ ಆನೋಡ್, ಕ್ಯಾಥೋಡ್ ನ್ಯಾನೋ ಗ್ರೌಂಡಿಗೆ. ಆಚೆ ಬದಿಯ ಕಲೆಕ್ಟರ್ ಜ್ಯಾಕಿನ ತುದಿಗೆ, ಎಮಿಟರ್ ಜ್ಯಾಕಿನ ಗ್ರೌಂಡಿಗೆ. ಸುಮಾರು 4 ಮಿಲಿಆಂಪ್ ಹೋಗುತ್ತದೆ, ಪಾಸಿಟಿವ್ ಕೀಯಿಂಗಿನ ಸಾಲಿಡ್ ಸ್ಟೇಟ್ ರಿಗ್ಗಿಗೆ ಸಾಮಾನ್ಯವಾಗಿ ಅಷ್ಟು ಸಾಕು. ಕೀ ಮುಚ್ಚಿದಾಗ ಎಷ್ಟು ಕರೆಂಟ್ ಅಂತ ಜ್ಯಾಕಿನಲ್ಲಿ ಒಮ್ಮೆ ಮೀಟರಿಟ್ಟು ನೋಡಿಬಿಡಿ, 2 ಮಿಲಿಆಂಪ್ ದಾಟಿದರೆ ರೆಸಿಸ್ಟರ್ 470 ಮಾಡಿ.

ರೀಸ್ಟಾರ್ಟಿನ ಆ ಟಿಕ್ ಈಗಿನ ಡಿಟಿಆರ್ ಕೇಬಲಿನದು, ನ್ಯಾನೋ ಬಂದ ಮೇಲೆ ಅದು ಹೋಗುತ್ತದೆ. ನ್ಯಾನೋ ಬೂಟ್ ಆಗುವಾಗ ಅದರ ಪಿನ್ನುಗಳು ಇನ್‌ಪುಟ್ ಆಗಿರುತ್ತವೆ, ಹಾಗಾಗಿ ಆಪ್ಟೋಕಪ್ಲರ್ ಆಫ್ ಇರುತ್ತದೆ. ಕೀಯಿಂಗಿಗೆ 13ನೇ ಪಿನ್ ಮಾತ್ರ ಆರಿಸಬೇಡಿ, ಬೂಟ್‌ಲೋಡರ್ ಅದರ ಎಲ್‌ಇಡಿಯನ್ನು ಮಿಟುಕಿಸುತ್ತದೆ, ರಿಗ್ಗೂ ಜೊತೆಗೆ ಮಿಟುಕುತ್ತದೆ. ನ್ಯಾನೋ ಬಂದ ದಿನ ಡಮ್ಮಿ ಲೋಡಿನ ಮೇಲೆ ಬರೀ ಡಿಟ್‌ಗಳಿರುವ 5, ಎಚ್, ಎಸ್ ಕಳಿಸಿ ನೋಡಿ. ರಿಗ್ಗಿನ ಸೈಡ್‌ಟೋನ್ (ಕಳಿಸುವಾಗ ರಿಗ್ ನಿಮಗೆ ಕೇಳಿಸುವ ಬೀಪ್) ಒಂದನ್ನೇ ನಂಬಬೇಡಿ, ಪಕ್ಕದಲ್ಲಿ ಇನ್ನೊಂದು ರಿಸೀವರ್ ಇಟ್ಟು ಗಾಳಿಗೆ ನಿಜವಾಗಿ ಹೋಗುತ್ತಿರುವುದನ್ನು ಕೇಳಿ. ಫುಲ್ ಬ್ರೇಕ್-ಇನ್ (ಡಿಟ್‌ಗಳ ನಡುವೆಯೂ ರಿಸೀವ್‌ಗೆ ಮರಳುವ ವಿಧಾನ) ಹಾಕಿದಾಗ ಕೆಲವು ಹಳೇ ರಿಗ್ಗುಗಳು ಮೊದಲ ಡಿಟ್ಟನ್ನು ಮೊಟಕು ಮಾಡುತ್ತವೆ. ಹಾಗಾದರೆ ಕೀಯರಿನಲ್ಲಿ ಪಿಟಿಟಿ ಲೀಡ್ ಟೈಮ್ (ಪಿಟಿಟಿ ಆನ್ ಆದ ಮೇಲೆ ಮೊದಲ ಡಿಟ್‌ಗೆ ಕಾಯುವ ಸಮಯ) ಅಂತ ಇದೆ, 10 ಮಿಲಿಸೆಕೆಂಡಿನಿಂದ ಶುರುಮಾಡಿ ಸರಿಹೋಗುವ ತನಕ ಏರಿಸಿ.